ಜಾಲಿಮರದ ಹಸಿರು ಬಳೆಗಳು

ಬೇಲೂರಿನ ತರಕಾರಿ ಅಂಗಡಿಯ ಮುಂದೆ ಯಾರಾದರೂ ಸಿಕ್ಕಿ, "ನೀವು ಆಸ್ಪತ್ರೇಲಿ ಏನಾಗಿದ್ರಿ?" ಅಂತ ಕೇಳಿದರೆ "ನರ್ಸ್" ಅಂದುಬಿಡುತ್ತೇನೆ. ನನ್ನ ಮೊದಲರ್ಧ ಸರ್ವೀಸಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ್ದೇನೆ, ಚುಚ್ಚುಮದ್ದು ಹಾಕಿದ್ದೇನೆ, ಬಸ್ಸು ತಪ್ಪಿ ತೆಂಗಿನಕಾಯಿ ಲಾರಿಯಲ್ಲಿ ಕೂತು ಮನೆಗೆ ಬಂದಿದ್ದೇನೆ. ಆದರೆ ಕೊನೆಯ ವರ್ಷಗಳಲ್ಲಿ ನಾನು ಮಾಡಿದ ಕೆಲಸಕ್ಕೆ ಒಂದೇ ಮಾತಿನ ಹೆಸರಿಲ್ಲ. ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಬಸುರಿ, ಬಾಣಂತಿಯರ ಆರೈಕೆ ಬಗ್ಗೆ ತರಬೇತಿ ಕೊಡುತ್ತಾರಲ್ಲ, ಅದು ನಾಟಿತೋ ಇಲ್ಲವೋ ನೋಡಿಕೊಂಡು ಬರುವುದು ನನ್ನ ಕೆಲಸ. ಪಾಠ ಹೇಳುವವರು ಬೇರೆ, ಕಲಿಯುವವರು ಬೇರೆ. ನಾಲ್ಕಾರು ತಿಂಗಳು ಬಿಟ್ಟು ಆ ಪಾಠ ಎಲ್ಲಿಗೆ ಹೋಗಿ ಸೇರಿತು ಎಂದು ಊರೂರು ಅಲೆದು ಹುಡುಕುವವಳು ನಾನು.

ಈ ಕೆಲಸಕ್ಕೆ ಹೊಸದಾಗಿ ಬಂದ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ನನ್ನ ಬಡ್ತಿ, ವರ್ಗಾವಣೆ, ಹೊದಿಸಿದ ಶಾಲು ಇವುಗಳಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ಅದರ ಬದಲು, ಹಳೇಬೀಡಿನ ಆಚೆ ನನ್ನ ಕಣ್ಣೆದುರು ನಡೆದದ್ದನ್ನು ಬರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಕೆರೆ ಏರಿ ದಾಟಿ ಹೋಗಬೇಕಾದ ಊರು ಎಂದಷ್ಟೇ ಇಟ್ಟುಕೊಳ್ಳಿ.

ಮೊದಲು ನಮ್ಮ ಪರೀಕ್ಷೆಯ ರೀತಿ ಹೇಗಿತ್ತು ಅಂತ ಹೇಳಬೇಕು. ತರಬೇತಿ ಮುಗಿದ ದಿನವೇ ಅದೇ ಹಾಲ್‌ನಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದೆವು. ಎಲ್ಲರೂ ಸರಿಯಾಗಿಯೇ ಬರೆಯುತ್ತಿದ್ದರು. ಮೇಲಧಿಕಾರಿಗಳಿಗೆ ಸಂತೋಷವಾಗುತ್ತಿತ್ತು. ಆಮೇಲೆ ಮನೆಗಳಿಗೆ ಹೋಗಿ ನೋಡಿ ಎಂದರು. ಬಸುರಿಯರು ಕಬ್ಬಿಣಾಂಶದ ಮಾತ್ರೆ ನುಂಗಿದ್ದಾರೋ ಇಲ್ಲವೋ ತಿಳಿಯಲು ಮಾತ್ರೆ ಬಿಡಿಸಿಕೊಂಡ ಖಾಲಿ ಸ್ಟ್ರಿಪ್ ಹಾಳೆ ತೋರಿಸಿ ಅನ್ನುತ್ತಿದ್ದೆವು. ಅರಸೀಕೆರೆ ಹತ್ತಿರದ ಒಂದು ತೆಂಗಿನ ತೋಟದ ಮನೆಯಲ್ಲಿ ಅತ್ತೆ ಒಂದು ಕಟ್ಟು ಖಾಲಿ ಹಾಳೆ ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಮೆಚ್ಚಿಕೊಂಡು "ಉತ್ತಮ" ಅಂತ ಗುರುತು ಹಾಕುವಷ್ಟರಲ್ಲಿ ಆ ಮನೆಯ ಪುಟ್ಟ ಮಗಳು, "ನಮ್ ಕೋಳಿ ದಿನಾ ಒಂದೊಂದು ತಿಂತದೆ" ಅಂದಳು. ಮೊಟ್ಟೆಯೊಳಗಿನ ಹಳದಿ ಬಂಡಾರ ಕೆಂಪಾಗುತ್ತದೆ ಎಂದು ಅತ್ತೆ ಮಾತ್ರೆಯನ್ನೆಲ್ಲ ಪುಡಿ ಮಾಡಿ ಕೋಳಿಗೆ ಹಾಕುತ್ತಿದ್ದಳಂತೆ. ಆಫೀಸಿನಲ್ಲಿ ಇದನ್ನು ಹೇಳಿ ನಕ್ಕಿದ್ದೆ. ಆದರೆ ಅವತ್ತಿನಿಂದ ನಾನು ಹಾಳೆ ನೋಡುವುದು ಬಿಟ್ಟೆ. ಹೆಂಗಸರು ತಾವಾಗಿ ಏನು ಮಾತಾಡುತ್ತಾರೆ, ಯಾವ ಮಾತನ್ನು ನೆನಪಿಟ್ಟುಕೊಂಡಿದ್ದಾರೆ, ಅದನ್ನು ಕೇಳತೊಡಗಿದೆ.

ನಮ್ಮಲ್ಲಿ ಪಾಠ ಹೇಳುವವರಲ್ಲಿ ವಿಮಲಕ್ಕ ಅಂತ ಹಿರಿಯ ಸಿಸ್ಟರ್ ಇದ್ದರು. ಅರಸೀಕೆರೆಯವರು. ದಪ್ಪ ಕನ್ನಡಕ, ಮೆಲುದನಿ. ಬೇಲೂರಿನಲ್ಲಿ ಒಂದು ತರಬೇತಿಯ ಮಧ್ಯಾಹ್ನ, ಊಟವಾಗಿ ಎಲ್ಲರೂ ತೂಕಡಿಸುತ್ತಿದ್ದ ಹೊತ್ತು. ವಿಮಲಕ್ಕ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಒರೆಸಿ ಕುರ್ಚಿ ಎಳೆದುಕೊಂಡು ಕೂತರು. ನಾನು ಹಿಂದಿನ ಸಾಲಿನಲ್ಲಿದ್ದೆ.

"ನಾಗವೇಣಿ ಅಂತ ಒಬ್ಬಳು," ಎಂದು ಶುರು ಮಾಡಿದರು. "ಚೊಚ್ಚಲ ಬಸುರಿ. ಸೀಮಂತದಲ್ಲಿ ಕೈ ತುಂಬ ಹಸಿರು ಬಳೆ ತೊಡಿಸಿದ್ದರು. ಆಗ ಬಳೆ ಸಡಿಲವಾಗಿದ್ದವು, ಮೊಣಕೈವರೆಗೂ ಸರೀತಿದ್ದವು. ಒಂದು ದಿನ ನೋಡ್ತಾಳೆ, ಬಳೆ ತಿರುಗ್ತಿಲ್ಲ. ಕೈ ಊದಿದೆ. ಮಾರನೇ ದಿನ ಬಳೆ ಮಾಂಸದೊಳಗೆ ಕಚ್ಚಿಕೊಂಡಿವೆ. ತಲೆ ಸಿಡೀತದೆ ಅತ್ತೆ, ಕಣ್ಣಿಗೆ ಮಂಜು ಕವೀತದೆ ಅಂದಳು. ಅತ್ತೆ ದೃಷ್ಟಿ ತೆಗೆದಳು. ಗಂಡ ನಾಳೆ ನೋಡೋಣ ಅಂದ. ಆಶಾ ಬಂದು ಬಾಗಿಲಲ್ಲೇ ಚೆನ್ನಾಗಿದ್ದೀಯೇನಮ್ಮ ಅಂತ ಕೇಳಿ ಹೋದಳು. ಅವಳು ಕೈ ಸೆರಗಿನೊಳಗೆ ಇಟ್ಟುಕೊಂಡು ಹ್ಞೂಂ ಅಂದಳು. ಆಮೇಲೆ ಫಿಟ್ಸ್ ಬಂತು. ಅವಳ ಕೈ ಗೋಡೆಗೆ ಬಡೀತಿದ್ದರೆ ಬಳೆ ಒಂದೊಂದೇ ಒಡೀತಿದ್ದವಂತೆ. ಆ ಸದ್ದು ಪಕ್ಕದ ಮನೆಯವರಿಗೆ ಕೇಳಿಸಿದೆ. ಬಳೆಗಾರ ಬಂದಿರಬೇಕು ಅಂದುಕೊಂಡರಂತೆ."

ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಸಾಲಿನ ಒಬ್ಬಾಕೆ ತನ್ನ ಕೈಯ ಬಳೆಯನ್ನು ತಾನೇ ಮೆಲ್ಲಗೆ ತಿರುಗಿಸಿ ನೋಡಿಕೊಂಡಳು. ಅದನ್ನು ಕಂಡು ಪಕ್ಕದವಳೂ ತಿರುಗಿಸಿದಳು. ನೋಡುನೋಡುತ್ತಾ ಹಾಲಿನ ತುಂಬ ಗಾಜು ಗಾಜಿಗೆ ತಾಗುವ ಸಣ್ಣ ಸದ್ದು ಹರಡಿತು. ನನ್ನ ಕೈಯಲ್ಲಿ ಬಳೆ ಇಲ್ಲ, ವಾಚಿದೆ. ಆದರೂ ಮಣಿಕಟ್ಟು ಮುಟ್ಟಿಕೊಂಡೆ.

ಮಳೆಗಾಲ ಕಳೆದ ಮೇಲೆ ಹಳೇಬೀಡಿನ ಸುತ್ತ ನೋಡಿಬರಲು ಹೊರಟೆ. ಜೊತೆಗೆ ಆ ಭಾಗದ ಆಶಾ ಮಂಜುಳ. ಮೂವತ್ತರ ಆಸುಪಾಸಿನ ಚುರುಕು ಹೆಂಗಸು, ಎರಡು ಮಕ್ಕಳ ತಾಯಿ. ವಿಮಲಕ್ಕನ ಆ ತರಬೇತಿಯಲ್ಲಿ ಕೂತಿದ್ದವಳು.

ಬಸ್ತಿಹಳ್ಳಿ ಕಡೆಯ ಮೊದಲ ಮನೆಯಲ್ಲೇ ಬಸುರಿ ಹುಡುಗಿ ನನ್ನನ್ನು ಕಂಡ ತಕ್ಷಣ ಎರಡೂ ಕೈ ಮುಂದೆ ಚಾಚಿದಳು. ಬಳೆ ತಿರುಗಿಸಿ ತೋರಿಸಿ, "ತಿರುಗ್ತವೆ ಕಣಕ್ಕ," ಅಂದಳು. ನಾನಿನ್ನೂ ಏನೂ ಕೇಳಿರಲಿಲ್ಲ.

"ಯಾಕಮ್ಮ ತಿರುಗಿಸಿ ನೋಡ್ತೀಯ?"

"ನಾಗವೇಣಿಗೆ ತಿರುಗ್ಲಿಲ್ವಂತೆ."

ನನಗೆ ಎಷ್ಟು ಖುಷಿಯಾಯಿತು ಅಂದರೆ, ವಿಮಲಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಬೇಕೆನಿಸಿತು. ಯಾವ ಪಟ, ಯಾವ ಪುಸ್ತಕದಿಂದಲೂ ಆಗದ್ದು ಒಂದು ಕಥೆಯಿಂದ ಆಗಿತ್ತು. ಮುಂದಿನ ಊರಿನಲ್ಲೂ ಅದೇ. ಬಾಗಿಲಿಗೆ ಬರುವ ಬಸುರಿಯರೆಲ್ಲ ಕೈ ಚಾಚುತ್ತಾರೆ, ಬಳೆ ತಿರುಗಿಸುತ್ತಾರೆ. ಆ ಊರಿನ ಒಬ್ಬ ಮುದುಕಿಯನ್ನು, "ಯಾರಜ್ಜಿ ಆ ನಾಗವೇಣಿ?" ಅಂತ ತಮಾಷೆಗೆ ಕೇಳಿದೆ. "ಪಕ್ಕದೂರೋಳು ಕಣವ್ವ," ಅಂದಳು. ಪಕ್ಕದೂರಿಗೆ ಹೋದರೆ, "ನಮ್ಮೂರೋಳಲ್ಲ, ಏರಿ ಆಚೆಯೋಳು," ಅಂದರು.

ಹೋಗುತ್ತಾ ಹೋಗುತ್ತಾ ಅವಳ ಬಗ್ಗೆ ವಿಮಲಕ್ಕ ಹೇಳದೇ ಇದ್ದ ಸಂಗತಿಗಳೂ ಸೇರತೊಡಗಿದವು. ಎಣ್ಣೆಗೆಂಪು ಬಣ್ಣವಂತೆ. ಎಡಗೆನ್ನೆ ಮೇಲೆ ಮಚ್ಚೆಯಂತೆ. ಕೊನೆ ಗಳಿಗೆಯಲ್ಲಿ ಗಾಡಿಗೆ ಹತ್ತಿಸಿದ್ದರಂತೆ, ಏರಿ ಮೇಲೆ ಹೋಗುವಾಗ ಜೀವ ಹೋಯಿತಂತೆ. ಮಟಮಟ ಮಧ್ಯಾಹ್ನ ಏರಿ ಮೇಲೆ ಒಬ್ಬರೇ ನಡೆದರೆ ಹಿಂದಿನಿಂದ ಬಳೆ ಸದ್ದು ಕೇಳುತ್ತದಂತೆ. ತಿರುಗಿ ನೋಡಬಾರದಂತೆ.

ಮಂಜುಳಳನ್ನು ಕೇಳಿದೆ. "ಇದೆಲ್ಲ ನೀನು ಹೇಳಿದ್ದಾ?"

"ಇಲ್ಲ ಮೇಡಂ. ಬಳೆ ಕಥೆ ಮಾತ್ರ ಹೇಳ್ದೆ. ಇದೆಲ್ಲ ನಂಗೇ ಅವರು ಹೇಳ್ತವ್ರೆ." ಏರಿಯ ಕಡೆ ನೋಡಿ ಮತ್ತೆ ಅಂದಳು, "ನಾನೂ ಈಗ ಏರಿ ಮೇಲೆ ಒಬ್ಳೇ ಬರಲ್ಲ."

ಏರಿ ದಾಟಿದೆವು. ಬಿಸಿಲು ನೆತ್ತಿ ಮೇಲಿತ್ತು. ಕೆರೆಯ ನೀರು ಅಲುಗಾಡದೆ ಮಲಗಿತ್ತು. ಊರಿನೊಳಕ್ಕೆ ಹೋಗುವ ದಾರಿಯಲ್ಲಿ, ಉಳಿದ ಮನೆಗಳಿಂದ ದೂರವಾಗಿ ಒಂದು ಹೆಂಚಿನ ಮನೆ. ಬಾಗಿಲಿಗೆ ಬೀಗ. ನೀರು ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನಮ್ಮನ್ನು ಕಂಡು ನಿಂತು, "ಅದೇ ಮನೆ," ಅಂದರು.

"ಯಾರ ಮನೆ?"

"ನಾಗವೇಣಿದು."

ಹತ್ತಿರದ ಹೊಲದಲ್ಲಿ ಹಸು ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕರೆದು ವಿಚಾರಿಸಿದೆ. ಆ ಮನೆಯವರು ಗಾರ್ಮೆಂಟ್ಸ್ ಕೆಲಸಕ್ಕೆಂದು ಮಕ್ಕಳು ಮರಿ ಸಮೇತ ಊರು ಬಿಟ್ಟು ಹೋಗಿ ಕೆಲವು ವರ್ಷವಾಯಿತು, ನಾಗವೇಣಿ ಎನ್ನುವ ಸೊಸೆ ಆ ಮನೆಗೆ ಬಂದೇ ಇರಲಿಲ್ಲ ಎಂದರು. "ಹೆಂಗಸ್ರು ಹಂಗಂತಾರೆ ಕಣಮ್ಮ. ನಂಗೂ ಈಗೀಗ ಇದ್ಲೇನೋ ಅನ್ಸುತ್ತೆ," ಎಂದು ಹಸುವಿನ ಹಿಂದೆ ಹೋದರು.

ಮನೆಯ ಮುಂದೆ ಒಂದು ಜಾಲಿಮರವಿತ್ತು. ಗಾಳಿ ಬೀಸಿದಾಗ ಅದರೊಳಗಿಂದ ಸಣ್ಣಗೆ ಕಿಣಿಕಿಣಿ ಸದ್ದು ಬಂತು. ಮಂಜುಳ ನನ್ನ ತೋಳು ಹಿಡಿದುಕೊಂಡಳು. ಹತ್ತಿರ ಹೋಗಿ ನೋಡಿದರೆ, ಕೈಗೆ ಎಟುಕುವ ಕೊಂಬೆಗಳ ಮುಳ್ಳುಮುಳ್ಳಿಗೂ ಹಸಿರು ಗಾಜಿನ ಬಳೆ ಸಿಕ್ಕಿಸಿದ್ದರು. ಕೆಲವು ಬಣ್ಣ ಮಾಸಿದವು, ಕೆಲವು ಹೊಚ್ಚ ಹೊಸವು. ಬಿಸಿಲಿಗೆ ಮರದ ತುಂಬ ಹಸಿರು ಕಣ್ಣು ಬಿಟ್ಟ ಹಾಗಿತ್ತು.

ನೀರಿನ ಹೆಂಗಸರು ಇನ್ನೂ ದೂರದಲ್ಲಿ ನಿಂತಿದ್ದರು. ಅವರಲ್ಲಿ ಹಿರಿಯಳನ್ನು ಕೇಳಿದೆ. ಅವಳು ಹೇಳಲೋ ಬೇಡವೋ ಎಂದು ಹೇಳಿದಳು. ಬಸುರಿಯ ಬಳೆ ಬಿಗಿಯಾದರೆ ನಾಗವೇಣಿಯ ಕಣ್ಣು ಬಿತ್ತು ಅಂತ ಅರ್ಥ. ಒಂದು ಬಳೆ ತೆಗೆದು ಇಲ್ಲಿ ಸಿಕ್ಕಿಸಿ, ನಿನ್ನದು ನೀನು ಇಟ್ಟುಕೋ, ನನ್ನ ಬಿಡು ಅಂತ ಬೇಡಿಕೊಂಡು ಹಿಂತಿರುಗದೆ ಹೋಗಬೇಕು. ಆಮೇಲೆ ಕೈ ತಾನಾಗಿ ಇಳಿಯುತ್ತದೆ. ಇದನ್ನು ಯಾರಿಗೂ ಹೇಳಬಾರದು. ಆಶಾಗೂ ಹೇಳಬಾರದು.

ನನ್ನ ಖುಷಿಯೆಲ್ಲ ಅಲ್ಲೇ ಇಳಿದುಹೋಯಿತು. ತರಬೇತಿ ಎಷ್ಟು ಚೆನ್ನಾಗಿ ನಾಟಿತ್ತೆಂದರೆ, ಅಪಾಯದ ಲಕ್ಷಣ ಗುರುತಿಸದ ಒಬ್ಬ ಹೆಂಗಸೂ ಆ ಸೀಮೆಯಲ್ಲಿರಲಿಲ್ಲ. ಗುರುತಿಸಿದ ಮೇಲೆ ಅವರು ಆಸ್ಪತ್ರೆಗೆ ಬರುತ್ತಿರಲಿಲ್ಲ, ಈ ಮರಕ್ಕೆ ಬರುತ್ತಿದ್ದರು. ಬಿಸಿಲಿಗೋ ಸುಸ್ತಿಗೋ ಸ್ವಲ್ಪ ಊದಿದವರಿಗೆ ಅದು ತಾನಾಗಿ ಇಳಿಯುತ್ತಿತ್ತು, ಮರದ ಮಹಿಮೆ ಬೆಳೆಯುತ್ತಿತ್ತು.

ನಾನು ಒಂದು ಸುತ್ತು ಹಾಕಿ ನೋಡುತ್ತಿದ್ದಾಗ ಕೆಳಗಿನ ಕೊಂಬೆಯಲ್ಲಿ ಒಂದು ಬಳೆ ಕಣ್ಣಿಗೆ ಬಿತ್ತು. ಅದು ಪೂರ್ತಿ ಬಳೆಯಲ್ಲ. ಒಡೆದ ಅರ್ಧ ತುಂಡು, ದಾರದಲ್ಲಿ ಕಟ್ಟಿದ್ದರು. ಅಂಚಿಗೆ ರಕ್ತ ಒಣಗಿ ಅಂಟಿತ್ತು. ಕಪ್ಪಾಗಿರಲಿಲ್ಲ, ಇನ್ನೂ ಕೆಂಪಾಗಿತ್ತು.

"ಮಂಜುಳ, ಇದನ್ನು ನೋಡು. ಬಳೆ ಕೈಯಿಂದ ಬಂದಿಲ್ಲ. ಒಡೆದು ತೆಗೆದಿದ್ದಾರೆ."

ಬಸುರಿಯ ಕೈಯ ಬಳೆ ಒಡೆಯುವುದನ್ನು ನಮ್ಮ ಕಡೆ ಬಾಯಿ ಮಾತಿಗೂ ಆಡುವುದಿಲ್ಲ. ಅಂಥದ್ದರಲ್ಲಿ ಯಾರೋ ಒಡೆದಿದ್ದಾರೆ ಅಂದರೆ ಬೇರೆ ದಾರಿಯೇ ಇರಲಿಲ್ಲ ಎಂದೇ ಅರ್ಥ. ಆ ಊರಿನೊಳಗೆ, ಆ ಹೊತ್ತಿನಲ್ಲಿ, ವಿಮಲಕ್ಕನ ಕಥೆಯ ಹೆಂಗಸಿನ ಹಾಗೆಯೇ ಕೈ ಊದಿಸಿಕೊಂಡು ಯಾರೋ ಒಬ್ಬಳು ಸುಮ್ಮನೆ ಕೂತಿದ್ದಳು.

ಮಂಜುಳಳಿಗೆ ಊರಿನ ಬಸುರಿಯರೆಲ್ಲ ಗೊತ್ತು. ಒಂದೊಂದೇ ಮನೆಗೆ ಹೋದೆವು. ಬಾಗಿಲು ತಟ್ಟಿದರೆ ಸಾಕು, ಕೈ ಮುಂದೆ ಬರುತ್ತಿತ್ತು, ಬಳೆ ತಿರುಗುತ್ತಿತ್ತು. ಯಾರ ಕೈಯಲ್ಲೂ ಗಾಯವಿಲ್ಲ. ಮಂಜುಳ ಬೀದಿ ಮಧ್ಯೆ ನಿಂತು, "ಎಲ್ರೂ ಮುಗೀತು ಮೇಡಂ, ಇನ್ಯಾರೂ ಇಲ್ಲ," ಅಂದಳು. ಹಾಗಂದರೆ ಆ ರಕ್ತ ಯಾರದ್ದು ಎಂದು ಇಬ್ಬರೂ ಬಾಯಿಬಿಟ್ಟು ಕೇಳಿಕೊಳ್ಳಲಿಲ್ಲ.

ಆಗ ನನಗೆ ಹೊಳೆಯಿತು. "ನಿನ್ನ ಊರಿನ ಸೊಸೆಯರಾಯ್ತು. ಹೆಣ್ಣುಮಕ್ಕಳು? ಹೆರಿಗೆಗೆ ಅಂತ ತವರಿಗೆ ಬಂದೋರು ಯಾರಾದ್ರೂ ಇದ್ದಾರಾ?"

ಅಂಥವಳ ಹೆಸರು ಗಂಡನ ಊರಿನ ಆಶಾ ಹತ್ತಿರ ಇರುತ್ತದೆ. ತವರಿಗೆ ಬಂದಾಗ ಇಲ್ಲಿಯವಳಿಗೆ ಯಾರೂ ತಿಳಿಸಿರುವುದಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಬೇಕು. ಮಂಜುಳ ಯೋಚಿಸಿ, "ಕಾಳಮ್ಮನ ಮಗಳು ಕಾವ್ಯ. ಅರಸೀಕೆರೆ ಕಡೆ ಕೊಟ್ಟವ್ರೆ. ಬಂದವ್ಳೆ ಅಂತ ಯಾರೋ ಅಂತಿದ್ರು," ಅಂದಳು.

ಕಾಳಮ್ಮ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು. ಮಗಳು ಮಲಗಿದ್ದಾಳೆ, ಚೆನ್ನಾಗಿದ್ದಾಳೆ. ಒಳಗಿನಿಂದ ಹುಡುಗಿಯ ದನಿ ಬಂತು. "ಅವ್ವ, ಬಾಗ್ಲಲ್ಲಿ ಮೂವರು ನಿಂತವ್ರಲ್ಲ, ಆ ಹಿಂದ್ಲವಳು ಯಾರವ್ವ?"

ನಾವಿದ್ದದ್ದು ಇಬ್ಬರೇ. ಕಾಳಮ್ಮನ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ನಾನು ತಿರುಗಲಿಲ್ಲ. ಇಷ್ಟು ವರ್ಷ ಆದ ಮೇಲೂ, ಅವತ್ತು ನಾನು ಯಾಕೆ ತಿರುಗಿ ನೋಡಲಿಲ್ಲ ಎಂದು ಕೇಳಿಕೊಳ್ಳುತ್ತೇನೆ. ಕಾಳಮ್ಮನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ.

ಕಾವ್ಯ ಚಾಪೆ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಬಲಗೈ ಮಣಿಕಟ್ಟಿಗೆ ಹಳೇ ಟವೆಲ್ಲು ಸುತ್ತಿದ್ದರು. ಕಾಲಿನ ಮೇಲೆ ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿತ್ತು, ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

"ತಲೆ ನೋವಾ?"

"ಸಿಡೀತದೆ. ಎಲ್ಲಾ ಮಂಜುಮಂಜು ಕಾಣ್ತದೆ."

ಮಂಜುಳ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು. ಅದನ್ನು ಕೇಳಿ ಕಾವ್ಯ ಗೋಡೆ ಮೂಲೆಗೆ ಸರಿದಳು. "ನಾ ಬರಲ್ಲ. ಆ ಗಾಡಿ ಹತ್ತಿದ್ರೆ ಅವ್ಳು ಬಂದು ಪಕ್ಕದಲ್ಲಿ ಕೂತ್ಕತಾಳೆ. ಏರಿ ಮೇಲೆ ಕರ್ಕಂಡೋಯ್ತಾಳೆ."

ನಾನು ಅವಳ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನೋಡು ಕಾವ್ಯ, ನಾಗವೇಣಿ ಅಂತ ಯಾರೂ ಇರಲಿಲ್ಲ. ನಮ್ಮ ಸಿಸ್ಟರ್ ಒಬ್ಬರು ಪಾಠಕ್ಕೆ ಅಂತ ಕಟ್ಟಿದ ಕಥೆ ಅದು. ಅವರು ಹೇಳುವಾಗ ನಾನೇ ಅಲ್ಲಿ ಕೂತಿದ್ದೆ."

ಕಾಳಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ನಿಮಗೆ ಗೊತ್ತಿಲ್ಲ ಕಣಮ್ಮ. ನಾನೇ ಅವಳ ಬಳೆ ಸದ್ದು ಕೇಳಿವ್ನಿ," ಅಂದಳು.

ಅಷ್ಟರಲ್ಲಿ ಮಂಜುಳ ಫೋನ್ ಇಟ್ಟು ಬಂದು ಕಾವ್ಯಳ ಪಕ್ಕ ಕೂತಳು. ಅವಳೂ ಹೆದರಿದ್ದಳು.

"ಪಕ್ಕದಲ್ಲಿ ಕೂತ್ಕತಾಳೆ ಅಂದ್ಯಲ್ಲ. ಕೂತ್ಕಳ್ಳಿ ಬಿಡು. ಅವ್ಳನ್ನ ಯಾರಾದ್ರೂ ಟೈಮಿಗೆ ಆಸ್ಪತ್ರೆಗೆ ಕರ್ಕಂಡೋದ್ರಾ? ಅತ್ತೆ ಕರ್ಕಂಡೋಗ್ಲಿಲ್ಲ, ಗಂಡ ಕರ್ಕಂಡೋಗ್ಲಿಲ್ಲ, ಆಶಾನೂ ಬಾಗ್ಲಿಂದ್ಲೇ ಹೋದ್ಲು. ಅವ್ಳು ಅದಕ್ಕೇ ಕಾಯ್ತವ್ಳೆ ಕಣೇ. ನಿನ್ನ ಕರ್ಕಂಡೋಗೋಕಲ್ಲ, ನಿನ್ ಜೊತೆ ಬರೋಕೆ. ನಡಿ, ಅವಳನ್ನೂ ಕರ್ಕಂಡೇ ಹೋಗಣ."

ಕಾವ್ಯ ಬಾಗಿಲ ಕಡೆ ನೋಡಿದಳು. ಆ ನೋಟ ಅಲ್ಲೇ ಒಂದು ಕಡೆ ನಿಂತಿತು, ಯಾರದ್ದೋ ಮುಖ ನೋಡುವ ಹಾಗೆ. ಆಮೇಲೆ ತಾಯಿಯತ್ತ ತಿರುಗಿ, "ಎಬ್ಬಿಸವ್ವ," ಅಂದಳು.

ಆಂಬುಲೆನ್ಸ್ ಬಂತು. ಕಾವ್ಯಳನ್ನು ಎಡಮಗ್ಗುಲಾಗಿ ಮಲಗಿಸಿದರು. ಗಾಡಿಯ ನರ್ಸ್ ಬಿ.ಪಿ. ನೋಡಿ ನನ್ನ ಮುಖ ನೋಡಿದ. ಬಿ.ಪಿ. ಮಿತಿ ಮೀರಿತ್ತು. ಪಕ್ಕದ ಉದ್ದ ಸೀಟಿನಲ್ಲಿ ಕಾಳಮ್ಮ, ನಾನು ಕೂತೆವು. ತಲೆಯ ಹತ್ತಿರ ಜಾಗವಿತ್ತು. "ಇಲ್ಲಿ ಬನ್ನಿ, ಇಲ್ಲಿ ಖಾಲಿ ಐತಲ್ಲ," ಎಂದು ಡ್ರೈವರ್ ಮಂಜುಳಳಿಗೆ ಹೇಳಿದ.

"ಅಲ್ಲಿ ಬೇಡ ಅಣ್ಣ. ಅದು ಬೇರೆಯೋರಿಗೆ," ಎಂದು ಅವಳು ಕಾವ್ಯಳ ಸೊಂಟದ ಬಳಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಎಡಗೈ ಹಿಡಿದುಕೊಂಡಳು. ಡ್ರೈವರ್ ಆ ಸುತ್ತಿನವನೇ. ಬಾಗಿಲು ಮುಚ್ಚುವ ಮುಂಚೆ, ಇನ್ನೊಬ್ಬರು ಹತ್ತಲಿ ಎನ್ನುವ ಹಾಗೆ ಒಂದು ಗಳಿಗೆ ತಡೆದು ಆಮೇಲೆ ಮುಚ್ಚಿದ.

ಏರಿ ಮೇಲೆ ಗಾಡಿ ಹೋಗುವಾಗ ನನಗೆ ಸ್ಪಷ್ಟವಾಗಿ ಬಳೆ ಸದ್ದು ಕೇಳಿಸಿತು. ಕಾವ್ಯಳ ಕೈಯಲ್ಲಿದ್ದ ಉಳಿದ ಬಳೆಗಳನ್ನು ನಾನೇ ಎಣ್ಣೆ ಹಚ್ಚಿ ತೆಗೆದಿದ್ದೆ. ಕಾಳಮ್ಮ ಗಂಡ ಸತ್ತವಳು, ಬಳೆ ತೊಡುವುದು ಬಿಟ್ಟಿದ್ದಳು. ಮಂಜುಳಳದ್ದು ಪ್ಲಾಸ್ಟಿಕ್ ಬಳೆ. ಔಷಧಿ ಟ್ರೇಯಲ್ಲಿ ಗಾಜಿನ ಸೀಸೆಗಳಿರುತ್ತವೆ, ಅವೇ ಇರಬೇಕು ಎಂದು ಟ್ರೇ ಮೇಲೆ ಕೈ ಇಟ್ಟೆ. ಸದ್ದು ನಿಲ್ಲಲಿಲ್ಲ. ಕಾವ್ಯ ಕಣ್ಣು ಮುಚ್ಚಿಕೊಂಡೇ, "ಇನ್ನೂ ದೂರಾನಾ ಅಂತ ಕೇಳ್ತವ್ಳೆ," ಅಂದಳು.

"ಹತ್ರ ಬಂತು ಅಂತ ಹೇಳು," ಅಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು.

ಹಳೇಬೀಡಿನಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿದರು. ಫಿಟ್ಸ್ ಬರುವುದಕ್ಕೆ ಮುಂಚೆಯೇ ಆಪರೇಷನ್ ಆಯಿತು. ಹೆಣ್ಣುಮಗು, ತೂಕ ಕಡಿಮೆ. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಕಡೆಗೆ ತಾಯಿ ಮಗು ಇಬ್ಬರೂ ಮನೆಗೆ ಬಂದರು.

ನಾನು ನೋಡಲು ಹೋದಾಗ ಕಾವ್ಯ ಮಗುವಿಗೆ ಹಾಲು ಕುಡಿಸುತ್ತಿದ್ದಳು. ತಾನಾಗಿಯೇ ಮಾತು ತೆಗೆದಳು. "ದಾರಿ ಉದ್ದಕ್ಕೂ ಅವ್ಳು ನನ್ನ ಕೈ ಹಿಡ್ಕಂಡಿದ್ಲು ಅಕ್ಕ."

"ಹಿಡಿದಿದ್ದು ಮಂಜುಳ."

"ಮಂಜಕ್ಕ ಎಡಗೈ ಹಿಡಿದಿದ್ರು. ನಾನು ಹೇಳ್ತಿರೋದು ಗಾಯದ ಕೈ. ತಣ್ಣಗಿತ್ತು ಅವಳ ಕೈ, ಹಿತವಾಗಿತ್ತು. ದೊಡ್ಡಾಸ್ಪತ್ರೆ ಬಾಗ್ಲವರ್ಗೂ ಬಂದ್ಲು. ಒಳಕ್ಕೆ ಬಾ ಅಂದೆ. ಇಲ್ಲ, ಇನ್ನೂ ಎಷ್ಟೋ ಜನ ಅವ್ರೆ, ಅವರನ್ನ ಕರ್ಕಂಬರ್ಬೇಕು ಅಂದ್ಳು."

ಬಸುರಿಯರಿಗೆ ಬಿ.ಪಿ. ಏರಿ ಬರುವ ಆ ಕಾಯಿಲೆಯಲ್ಲಿ ಕಣ್ಣಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಕಿವಿಗೆ ಕೇಳುತ್ತದೆ. ನನಗದು ಗೊತ್ತು. ಹಾಗಂತ ಅವಳಿಗೆ ಹೇಳಲಿಲ್ಲ.

ನಮ್ಮ ಆಗಿನ ಮೇಲಧಿಕಾರಿ ಒಳ್ಳೆಯ ಡಾಕ್ಟರು. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. "ಆ ಮರ ಕಡಿಸಿಬಿಡೋಣ," ಅಂದರು.

"ಬೇಡಿ ಸರ್. ಇದನ್ನು ಕಡಿದರೆ ಇನ್ನೊಂದು ಮರ ಹುಡುಕ್ತಾರೆ. ಅದು ಯಾವುದು ಅಂತ ನಮಗೆ ಗೊತ್ತೂ ಆಗಲ್ಲ. ಇದಾದರೆ ಕಣ್ಣಿಗೆ ಕಾಣುತ್ತೆ."

ಅವರು ಒಪ್ಪಿದರು. ಮಂಜುಳ ದಿನಾ ಬೆಳಿಗ್ಗೆ ಆ ಮರದ ಹತ್ತಿರ ಹಾದು ಹೋಗುವುದು, ಹೊಸ ಬಳೆ ಕಂಡರೆ ತೊಟ್ಟವಳನ್ನು ಹುಡುಕುವುದು ಎಂದು ಗೊತ್ತುಮಾಡಿದೆವು. ಆಗ ನಮಗೆ ಫೋನಿನಲ್ಲೇ ವರದಿ ತುಂಬುವ ಹೊಸ ಪದ್ಧತಿ ಬಂದಿತ್ತು. ಹೌದು, ಇಲ್ಲ ಎರಡೇ ಉತ್ತರ. ಲಕ್ಷಣ ಗುರುತಿಸುತ್ತಾರಾ? ಹೌದು. ಅಲ್ಲಿಗೆ ಮುಗಿಯಿತು. ಗುರುತಿಸಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವ ಜಾಗ ಅದರಲ್ಲಿರಲಿಲ್ಲ. ಡಾಕ್ಟರು ಮೇಲಿನವರಿಗೆ ಬರೆದು ಬರೆದು ಆ ಪ್ರಶ್ನೆ ಸೇರಿಸಿದರು. ನನ್ನ ಕೆಲಸದಿಂದ ಏನಾದರೂ ಆಯಿತು ಅಂದರೆ ಅದೊಂದೇ.

ವಿಮಲಕ್ಕ ಅಷ್ಟರಲ್ಲಿ ನಿವೃತ್ತಿಯಾಗಿ ಅರಸೀಕೆರೆಯ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎಲ್ಲಾ ಹೇಳಿ, "ಆ ಹೆಸರು ಯಾಕೆ ಇಟ್ಟಿರಿ ಅಕ್ಕ, ನಾಗವೇಣಿ ಅಂತ?" ಎಂದು ಕೇಳಿದೆ.

ಅವರ ಕೈ ನಿಂತಿತು. "ನಾನೆಲ್ಲಿ ಹೆಸರಿಟ್ಟೆ ಸುಮಿತ್ರಾ? ಸಾಯೋ ಕಥೆಗೆ ನಾನು ಯಾವತ್ತೂ ಹೆಸರಿಡಲ್ಲ ಕಣೇ. ಆ ಹೆಸರಿನ ಹೆಣ್ಣುಮಗಳು ಹಾಲಿನಲ್ಲಿ ಕೂತಿದ್ದರೆ? 'ಒಬ್ಬಳಿದ್ದಳು' ಅಂತಲೇ ಹೇಳೋದು ನಾನು."

"ನಾನು ಅಲ್ಲೇ ಕೂತಿದ್ದೆ ಅಕ್ಕ. ನನ್ನ ಕಿವಿಯಾರೆ ಕೇಳಿದ್ದೇನೆ."

"ನೀನು ಕೇಳಿರಬಹುದು. ನಾನು ಹೇಳಿಲ್ಲ."

ಮಂಜುಳಳನ್ನು ಕೇಳಿದೆ. ಅವಳಿಗೂ ಹೆಸರು ಕೇಳಿಸಿತ್ತು. ಆ ಮಧ್ಯಾಹ್ನ ಹಾಲಿನಲ್ಲಿದ್ದ ಇನ್ನೂ ಕೆಲವರನ್ನು ಕೇಳಿದೆ. ಎಲ್ಲರಿಗೂ ಕೇಳಿಸಿತ್ತು. ವಿಮಲಕ್ಕ ಸುಳ್ಳಾಡುವವರಲ್ಲ, ಮರೆಯುವವರೂ ಅಲ್ಲ. ಅವತ್ತು ಅವರ ಮನೆಯಿಂದ ಹೊರಡುವಾಗ, "ಹಾಗಾದರೆ ಆ ಕಥೆ ಯಾರದ್ದಕ್ಕ?" ಅಂದೆ. ಅವರು ಬಿಡಿಸಿದ ಕಾಳನ್ನು ಮೊರದಲ್ಲಿ ಹರಡುತ್ತಾ, "ನಾನು ಕೆಲಸ ಮಾಡಿದ ಕಡೆಯೆಲ್ಲ ಅಂಥವಳು ಒಬ್ಬಳಿದ್ದಳು," ಎಂದರು.

ಮುಂದಿನ ವರ್ಷಗಳಲ್ಲಿ ಜಾಲಿಮರಕ್ಕೆ ಹೊಸ ಬಳೆ ಬೀಳುವುದು ಕಡಿಮೆಯಾಗುತ್ತಾ ಬಂತು. ನಾವು ಯಾವ ಹೊಸ ಪಾಠವನ್ನೂ ಹೇಳಿರಲಿಲ್ಲ. ಕಾವ್ಯ ಹೇಳಿದ್ದೇ ಬಾಯಿಂದ ಬಾಯಿಗೆ ಹೋಗಿತ್ತು. ಬಳೆ ಬಿಗಿಯಾದರೆ ಆ ಸುತ್ತಿನ ಹೆಂಗಸರು ಈಗ ಆಶಾಗೆ ಫೋನ್ ಮಾಡಿ, "ಮಂಜಕ್ಕ, ನಾಗವೇಣಿನ ಕರ್ಕಂಡೋಗ್ಬೇಕು," ಅನ್ನುತ್ತಿದ್ದರು. ಅಷ್ಟಕ್ಕೇ ಮಂಜುಳ ಗಾಡಿ ಕರೆಸುತ್ತಿದ್ದಳು. ಅಷ್ಟರಲ್ಲಿ ನಾನೂ ನಿವೃತ್ತಳಾದೆ.

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮನೆಗೆ ಬಂದಿದ್ದಳು. ಹಾಸನದಲ್ಲಿ ಓದಿದವಳು, ಹೆಸರು ದಿವ್ಯ. ಹಳೇಬೀಡಿನ ಆಚೆ ಮೊದಲ ಸುತ್ತು ಮುಗಿಸಿಕೊಂಡು ನೇರ ನಮ್ಮ ಮನೆಗೇ ಬಂದಿದ್ದಳು. ಕಾಫಿ ಲೋಟ ಕೈಗೆ ಕೊಟ್ಟೆ.

"ಮೇಡಂ, ಒಂದು ವಿಷಯ. ಅಲ್ಲಿ ಒಬ್ಬಳಿಗೆ ಬಿ.ಪಿ. ಜಾಸ್ತಿ ಆಗಿ ಆಂಬುಲೆನ್ಸ್ ಕರೆಸಿದ್ರು. ನಾನೂ ಜೊತೇಲಿ ಹೋದೆ. ಯಾರ್ಯಾರು ಬಂದಿದ್ದೀರಿ ಅಂತ ಆಸ್ಪತ್ರೇಲಿ ಕೇಳಿದಾಗ ಆ ಬಸುರಿ ಒಬ್ಬರನ್ನು ಜಾಸ್ತಿ ಹೇಳಿದಳು. ಅವಳ ಅತ್ತೆನೂ ಹೌದು ಅಂದರು. ನಾನು ವರದೀಲಿ ಏನು ಬರೀಲಿ?"

"ಬಸುರಿ ಹುಷಾರಾಗಿದ್ದಾಳಾ?"

"ಹುಷಾರಾಗಿದ್ದಾಳೆ."

"ಟೈಮಿಗೆ ಆಸ್ಪತ್ರೆ ಸೇರಿದಳು ಅಂತ ಬರಿ. ಅಷ್ಟು ಸಾಕು."

ಅವಳು ತಲೆ ಆಡಿಸಿದಳು. ಆದರೂ ಏಳಲಿಲ್ಲ. ಲೋಟವನ್ನು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದಳು. "ಮೇಡಂ, ಆಂಬುಲೆನ್ಸಿನ ಆ ಉದ್ದ ಸೀಟಿನಲ್ಲಿ ನಾನು ಒಬ್ಬಳೇ ಕೂತಿದ್ದೆ. ಏರಿ ಹತ್ತೋ ಮುಂಚೆ ಗಾಡಿ ಒಂದು ಸಲ ನಿಂತಿತು. ಯಾರೂ ಏನೂ ಹೇಳಲಿಲ್ಲ. ನಾನಾಗೇ ಸ್ವಲ್ಪ ಸರಿದು ಜಾಗ ಬಿಟ್ಟೆ. ಯಾಕೆ ಸರಿದೆ ನಾ?"